ಬುಟ್ಟಿ ಸಿಕ್ತಾ ಚಿಕ್ಕಮ್ಮಾ?

ನಮ್ಮಕ್ಕನ ಮಗಳಿಗೆ ಎಂಟು ವರ್ಷ. ಮನೆಯಲ್ಲಿ ಕರೆಯುವುದು ಪುಟ್ಟಿ ಅಂತ. ಹೋದ ಡಿಸೆಂಬರಿನಲ್ಲಿ ಒಂದು ದಿನ ಶಾಲೆಯಿಂದ ಬಂದವಳೇ ಬ್ಯಾಗ್ ಮೂಲೆಗೆ ಹಾಕಿ, ಸಾಕ್ಸ್ ಕೂಡ ಬಿಚ್ಚದೆ ಮಂಚದ ಮೇಲೆ ಬೋರಲು ಮಲಗಿಬಿಟ್ಟಳು. ಏನಾಯ್ತೆಂದು ಕೇಳಿದರೆ ಬಾಯಿ ಬಿಡಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ, ನನಗೆ ಬೆನ್ನು ಹಾಕಿಕೊಂಡು, ಗೋಡೆಗೆ ಹೇಳುವ ಹಾಗೆ ಹೇಳಿದಳು. ವಾರ್ಷಿಕೋತ್ಸವದ ಸಮೂಹಗಾನದಲ್ಲಿ ಅವಳ ಹೆಸರಿದೆಯಂತೆ. ಆದರೆ ಹಾಡುವ ಹಾಗಿಲ್ಲವಂತೆ. "ನಿನ್ನ ದನಿ ಎಲ್ಲರ ಜೊತೆ ಸೇರಲ್ಲ. ಹಿಂದಿನ ಸಾಲಲ್ಲಿ ನಿಂತ್ಕೊಂಡು ಸುಮ್ನೆ ಬಾಯಿ ಆಡಿಸು" ಅಂದರಂತೆ.

ನನಗೆ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಎರಡು ದಿನ ಬಿಟ್ಟು ಅಕ್ಕ ಶಾಲೆಗೆ ಹೋಗಿ ಮಾತಾಡಿದಳು. ಸಾಲು ಬದಲಾಗಲಿಲ್ಲ, ಹಾಡಲಿ ಬಿಡಿ ಅಂದರು. ಆದರೆ ಆ ರಾತ್ರಿ, ಆ ಕತ್ತಲಲ್ಲಿ, ಮಗುವಿಗೆ ನಾನು ಏನಾದರೂ ಹೇಳಲೇಬೇಕಿತ್ತು. ಇಪ್ಪತ್ತು ವರ್ಷದಿಂದ ನಾನು ಬಿಡದೆ ಕೇಳುತ್ತಿರುವ ಅಮೆರಿಕದ ಒಬ್ಬ ಜಾಝ್ ಹಾಡುಗಾರ್ತಿಯ ಕಥೆ ಶುರು ಮಾಡಿದೆ. ಎಲ್ಲಾ ಫಿಟ್ಜೆರಾಲ್ಡ್ ಅಂತ ಅವಳ ಹೆಸರು ಅಂದೆ.

ಹೆಸರು ಕೇಳಿದ್ದೇ ತಡ, ಈ ಕಡೆ ತಿರುಗಿದಳು. "ಎಲ್ಲಾನಾ? ಎಲ್ಲಾ ಅಂದ್ರೆ, ಎಲ್ಲಾನೂನಾ?"

ಹೌದು ಕಣೇ, ಕನ್ನಡದಲ್ಲಿ ಹಾಗೇ ಕೇಳಿಸುತ್ತೆ. ನಾನೂ ಅಲ್ಲಿಯವರೆಗೆ ಅದನ್ನು ಯೋಚಿಸಿರಲಿಲ್ಲ. ಅಮ್ಮ, ಮನೆ, ಊಟ, ಹಾಸಿಗೆ ಅಂತ ಒಂದೊಂದಾಗಿ ಕಳೆದುಕೊಂಡ ಹುಡುಗಿಯ ಹೆಸರು ಎಲ್ಲಾ.

ಅವಳು ಹುಟ್ಟಿದ್ದು 1917ರ ಏಪ್ರಿಲ್ 25ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್ ಎಂಬ ಊರಿನಲ್ಲಿ. ಕೂಸಾಗಿದ್ದಾಗಲೇ ಅಪ್ಪ ಬೇರೆಯಾದ. ಅಮ್ಮ ಟೆಂಪಿ ಮಗಳನ್ನು ಕಟ್ಟಿಕೊಂಡು ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ಗೆ ಬಂದಳು. ಬಟ್ಟೆ ಒಗೆಯುವ ಕಡೆ ದುಡಿದಳು. ಹುಡುಗಿಗೆ ಕುಣಿತದ ಹುಚ್ಚು. ಬೀದಿಯಲ್ಲಿ ಕುಣಿಯುವುದು, ಗೆಳತಿಯರ ಮುಂದೆ ಕುಣಿಯುವುದು. ದೊಡ್ಡವಳಾದ ಮೇಲೆ ಕುಣಿತಗಾರ್ತಿ ಆಗಬೇಕು ಅಂತಲೇ ಅವಳ ಆಸೆ. ಹಾಡು ಆಮೇಲಿನ ಮಾತು.

ಹಾಡು ಮನೆಗೆ ಬಂದದ್ದು ಅಮ್ಮನ ಕೈಯಿಂದ. ಟೆಂಪಿ ಒಂದು ದಿನ ಒಂದು ರೆಕಾರ್ಡ್ ತಂದಳು. ನ್ಯೂ ಆರ್ಲಿಯನ್ಸಿನ ಕಾನಿ ಬಾಸ್ವೆಲ್ ಹಾಡಿದ್ದು. ಎಲ್ಲಾ ಅದನ್ನು ಹಾಕಿ ಹಾಕಿ ಕೇಳಿದಳು. ಕಾನಿ ಹೇಗೆ ಉಸಿರು ಎಳೆಯುತ್ತಾಳೋ ಹಾಗೇ ಎಳೆಯಲು ಕಲಿತಳು. ಈ ಕಾನಿ ಗಾಲಿಕುರ್ಚಿಯಲ್ಲಿ ಕೂತು ಹಾಡುತ್ತಿದ್ದವಳು. ಒಂದು ಜಾಗದಲ್ಲಿ ಕಾಲು ನಿಲ್ಲದ ಹುಡುಗಿ, ಎದ್ದು ನಿಲ್ಲಲಾಗದವಳಿಂದ ಹಾಡು ಕಲಿತಳು ಅಂದಾಗ ಪುಟ್ಟಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

1932ರಲ್ಲಿ ಅಮ್ಮ ಸತ್ತಳು. ಎಲ್ಲಾಗೆ 15 ವರ್ಷ.

ಇಲ್ಲಿಂದ ಮುಂದಿನ ಎರಡು ವರ್ಷ ಇದೆಯಲ್ಲ, ಮಕ್ಕಳಿಗಾಗಿ ಅವಳ ಬದುಕನ್ನು ಹೇಳುವಾಗ ಹೆಚ್ಚಿನವರು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಕಷ್ಟದ ದಿನಗಳು ಬಂದವು, ಆದರೂ ಕನಸು ಬಿಡಲಿಲ್ಲ, ಅಷ್ಟೇ. ಆಮೇಲೆ ಸ್ಪರ್ಧೆ, ಬಹುಮಾನ, ಜಾಝ್ ರಾಣಿ ಅನ್ನುವ ಹೆಸರು. ನನಗೂ ಆ ರಾತ್ರಿ ದಾಟಿಬಿಡಬೇಕು ಅನಿಸಿತ್ತು. ಎಂಟು ವರ್ಷದ ಮಗು, ಮಲಗುವ ಹೊತ್ತು. ಆದರೆ ಪುಟ್ಟಿ ಆ ದಿನ ನನಗೆ ಹೇಳಿದ ಮಾತು ಎಂಥದ್ದು ಅಂದರೆ, ಈ ಎರಡು ವರ್ಷ ಬಿಟ್ಟು ಕಥೆ ಹೇಳಿದ್ದರೆ ಅದು ಅವಳಿಗೆ ಸುಳ್ಳು ಹೇಳಿದ ಹಾಗೇ ಆಗುತ್ತಿತ್ತು.

ಹಾಗಾಗಿ ಹೇಳಿದೆ. ಎಲ್ಲಾ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋದಳು. ಶಾಲೆ ತಪ್ಪಿಸಿದಳು. ಕಾಸಿಗಾಗಿ ಮಟ್ಕಾದಂಥ ಆಟದ ಚೀಟಿ ಮುಟ್ಟಿಸುವ ಕೆಲಸ ಮಾಡಿದಳು, ಪೊಲೀಸರು ಬಂದರೆ ಒಳಗಿನವರಿಗೆ ಸುಳಿವು ಕೊಡಲು ಬಾಗಿಲಲ್ಲಿ ನಿಂತಳು. ಸಿಕ್ಕಿಬಿದ್ದಳು. ಮೊದಲು ಬ್ರಾಂಕ್ಸ್‌ನ ಅನಾಥಾಲಯ, ಆಮೇಲೆ 1933ರಲ್ಲಿ ಹಡ್ಸನ್ ಎಂಬ ಊರಿನಲ್ಲಿದ್ದ, ಹುಡುಗಿಯರನ್ನು 'ತಿದ್ದುವ' ಸರ್ಕಾರಿ ಶಾಲೆ. ಅಲ್ಲಿ ಹೊಡೆಯುತ್ತಿದ್ದರು. ಕಪ್ಪು ಹುಡುಗಿಯರನ್ನು ಬೇರೆಯೇ ಮನೆಗಳಲ್ಲಿ ಇಕ್ಕಟ್ಟಾಗಿ ತುಂಬುತ್ತಿದ್ದರು. ಆ ಶಾಲೆಯಲ್ಲಿ ಹಾಡುವ ತಂಡವೊಂದಿತ್ತು. ಒಳ್ಳೆಯ ತಂಡವೇ. ಅದರಲ್ಲಿ ಬಿಳಿಯ ಹುಡುಗಿಯರಿಗೆ ಮಾತ್ರ ಜಾಗ.

ಪುಟ್ಟಿ ಎದ್ದು ಕೂತಳು. "ಅವಳನ್ನೂ ಹಾಡಕ್ಕೆ ಬಿಡಲಿಲ್ವಾ?"

ಬಿಡಲಿಲ್ಲ. ಎರಡೂ ಒಂದೇ ಅಂತ ನಾನು ಹೇಳಲಿಲ್ಲ. ನಿನ್ನ ದನಿ ಸೇರಲ್ಲ ಅಂದರು, ಅವಳ ಚರ್ಮವೇ ಸೇರಲ್ಲ ಅಂದರು, ಅದು ತುಂಬಾ ದೊಡ್ಡ ಅನ್ಯಾಯ ಅಂತ ಬಿಡಿಸಿ ಹೇಳಿದೆ. ಅವಳಿಗೆ ಅದು ಅರ್ಥವಾಯಿತು. ಮಕ್ಕಳಿಗೆ ಅನ್ಯಾಯ ಅರ್ಥವಾಗುವಷ್ಟು ಬೇಗ ಬೇರೆ ಯಾವುದೂ ಅರ್ಥವಾಗಲ್ಲ, ಅಲ್ವಾ.

ಈ ಶಾಲೆಯ ವಿಷಯವನ್ನು ಎಲ್ಲಾ ಬದುಕಿದ್ದಷ್ಟು ದಿನವೂ ಜನರ ಮುಂದೆ ಹೇಳಿಕೊಳ್ಳಲಿಲ್ಲ. ಅವಳು ತೀರಿಕೊಂಡ ಮೇಲೆ, 1996ರಲ್ಲಿ, ಪತ್ರಿಕೆಯಲ್ಲಿ ಬಂತು. ಅವಳೇ ಮುಚ್ಚಿಟ್ಟಿದ್ದನ್ನು ನಾನು ಒಂದು ಮಗುವಿಗೆ ಹೇಳಬಹುದೇ ಅಂತ ಆಮೇಲೆ ಬಹಳ ಯೋಚಿಸಿದೆ. ಹೇಳಬಹುದು ಅಂತಲೇ ನನ್ನ ಮನಸ್ಸು. ತಲೆ ತಗ್ಗಿಸಬೇಕಾಗಿದ್ದವರು ಆ ಶಾಲೆ ನಡೆಸಿದವರು. ಹುಡುಗಿ ಯಾಕೆ ತಗ್ಗಿಸಬೇಕು?

ಅಲ್ಲಿಂದ ಅವಳು ತಪ್ಪಿಸಿಕೊಂಡಳು. ಮನೆಗೆ ಹೋದರೆ ಮತ್ತೆ ಹಿಡಿಯುತ್ತಾರೆ. ಹಾರ್ಲೆಮ್ ಬೀದಿಯಲ್ಲೇ ಉಳಿದಳು. ಕುಣಿದು, ಹಾಡಿ, ಯಾರಾದರೂ ಚಿಲ್ಲರೆ ಹಾಕಿದರೆ ಅದರಲ್ಲಿ ಊಟ.

ಇನ್ನು ಅಪೊಲೊ ಥಿಯೇಟರಿನ ರಾತ್ರಿ. ತಾರೀಖು 1934ರ ನವೆಂಬರ್ 21. ಅದು ಹೊಸಬರ ರಾತ್ರಿ, ಯಾರು ಬೇಕಾದರೂ ಹೆಸರು ಕೊಟ್ಟು ವೇದಿಕೆ ಹತ್ತಬಹುದು. ಹಾರ್ಲೆಮ್ ಜನ ಸುಮ್ಮನೆ ಕೂರುವವರಲ್ಲ. ಇಷ್ಟವಾಗದಿದ್ದರೆ ಕೂಗಿ ಕೆಳಗಿಳಿಸುತ್ತಾರೆ. 17 ವರ್ಷದ ಎಲ್ಲಾ ಹೆಸರು ಕೊಟ್ಟಿದ್ದು ಕುಣಿಯುವುದಕ್ಕೆ. ಅವಳಿಗಿಂತ ಮುಂಚೆ ಎಡ್ವರ್ಡ್ಸ್ ಸಿಸ್ಟರ್ಸ್ ಅಂತ ಅಕ್ಕತಂಗಿಯರು ಬಂದು ಕುಣಿದರು. ಮಿಂಚಿನ ಹಾಗೆ ಕುಣಿದರು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಎಲ್ಲಾಳ ಜೀವ ಬಾಯಿಗೆ ಬಂತು. ಇವರಾದ ಮೇಲೆ ನಾನು ಏನಂತ ಕುಣಿಯಲಿ?

ಹೆಸರು ಕೂಗಿಯಾಯಿತು. ಹಳೆ ಬಟ್ಟೆ, ಗಂಡಸರ ಬೂಟು. ನಡುಗುವ ಕಾಲು. ಜನ ಆಗಲೇ ಗಲಾಟೆ ಶುರು ಮಾಡಿದ್ದರು. ಕುಣಿಯಲು ಬಂದ ಹುಡುಗಿ ಕುಣಿಯಲಿಲ್ಲ, ಹಾಡಿದಳು. ಬಾಯಿಗೆ ಬಂದದ್ದು ಅಮ್ಮ ತಂದ ಆ ರೆಕಾರ್ಡಿನ ಧಾಟಿ. ಕಾನಿ ಬಾಸ್ವೆಲ್ ಹಾಡುವ ಹಾಗೇ ಹಾಡಿದಳು. ಗಲಾಟೆ ನಿಂತಿತು. ಹಾಡು ಮುಗಿದಾಗ ಇನ್ನೊಂದು ಬೇಕು ಅಂದರು. ಇನ್ನೊಂದು ಹಾಡಿದಳು. ಮೊದಲ ಬಹುಮಾನ, 25 ಡಾಲರ್. ಗೆದ್ದವರಿಗೆ ಅಲ್ಲೇ ಒಂದು ವಾರ ಹಾಡುವ ಅವಕಾಶವೂ ಸಿಗಬೇಕಿತ್ತು. ಅದನ್ನು ಅವಳಿಗೆ ಕೊಡಲಿಲ್ಲ. ಅವಳ ವೇಷ ನೋಡಿ ಕೊಡಲಿಲ್ಲ.

ಈ ಕೊನೆಯ ಎರಡು ಮಾತನ್ನೂ ನಾನು ಬಿಡದೆ ಹೇಳಿದೆ. ಗೆದ್ದ ದಿನವೇ ಎಲ್ಲ ಸರಿಹೋಯಿತು ಅಂತ ಮಗು ಅಂದುಕೊಳ್ಳಬಾರದು. ಹೆದರಿಕೆ ಆಯಿತು, ಅಂದುಕೊಂಡಿದ್ದು ಮಾಡಲಾಗಲಿಲ್ಲ, ಕೈಯಲ್ಲಿದ್ದ ಇನ್ನೊಂದನ್ನು ಮಾಡಿದಳು. ಆ ರಾತ್ರಿ ನಡೆದದ್ದು ಇಷ್ಟು. ನನಗೆ ಇದು ಧೈರ್ಯದ ಕಥೆಗಿಂತ ಜಾಸ್ತಿ ಇಷ್ಟ.

ಕೆಲವು ತಿಂಗಳಲ್ಲಿ ಚಿಕ್ ವೆಬ್ ಸಿಕ್ಕ, ಡ್ರಮ್ಸ್ ನುಡಿಸುತ್ತಾ ತನ್ನದೇ ಬ್ಯಾಂಡ್ ನಡೆಸುತ್ತಿದ್ದವನು. ಇವನ ಬಗ್ಗೆ ಮಕ್ಕಳಿಗೆ ಹೇಳದೆ ಇರಬಾರದು. ಸಣ್ಣವನಿದ್ದಾಗ ಬೆನ್ನುಮೂಳೆಗೆ ಕ್ಷಯ ಬಂದು ಬೆನ್ನು ಬಾಗಿತ್ತು, ಎತ್ತರ ಬೆಳೆಯಲೇ ಇಲ್ಲ. ಅವನಿಗೆಂದೇ ಹೊಂದಿಸಿದ ಡ್ರಮ್ಮುಗಳ ಹಿಂದೆ ಕೂತರೆ ನೋವು ಎಲ್ಲಿ ಹೋಗುತ್ತಿತ್ತೋ. ಹಾರ್ಲೆಮ್‌ನ ಸವಾಯ್ ಬಾಲ್‌ರೂಮಿನಲ್ಲಿ ಅವನದೇ ದರ್ಬಾರು. ಕಪ್ಪು ಜನ, ಬಿಳಿ ಜನ ಒಂದೇ ನೆಲದ ಮೇಲೆ ಕುಣಿಯುತ್ತಿದ್ದ ಜಾಗ ಅದು. ಮೊದಲು ಅವನಿಗೂ ಎಲ್ಲಾಳ ಅವತಾರ ನೋಡಿ ಬ್ಯಾಂಡಿಗೆ ಸೇರಿಸಿಕೊಳ್ಳಲು ಮನಸ್ಸಾಗಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಹುಡುಗರ ಒಂದು ಕುಣಿತದ ಕಾರ್ಯಕ್ರಮಕ್ಕೆ ಪರೀಕ್ಷೆಗೆಂದು ಕರೆದೊಯ್ದ. ಹುಡುಗರು ಕೇಳಿ ಮರುಳಾದರು. ವಾರಕ್ಕೆ 12.50 ಡಾಲರ್ ಸಂಬಳ ಗೊತ್ತಾಯಿತು.

ಬುಟ್ಟಿಯ ಹಾಡು ಬಂದದ್ದು 1938ರಲ್ಲಿ.

ಅಮೆರಿಕದ ಮಕ್ಕಳು ಆಡುತ್ತಿದ್ದ ಒಂದು ಹಳೆಯ ಆಟ. ಸುತ್ತ ಕೂರುತ್ತಾರೆ, ಒಬ್ಬ ಹೊರಗಿನಿಂದ ಸುತ್ತು ಹಾಕುತ್ತಾ ಯಾರದೋ ಬೆನ್ನ ಹಿಂದೆ ಕರವಸ್ತ್ರ ಬೀಳಿಸಿ ಓಡುತ್ತಾನೆ. ಹೇಳುತ್ತಾ ಹೋದಂತೆ ನನಗೇ ನಗು ಬಂತು, ಯಾಕೆಂದರೆ ಇದು ನಮ್ಮ ಟೋಪಿ ಆಟವೇ. ಟೋಪಿ ಬೇಕಾ ಟೋಪಿ, ಯಾವ ಟೋಪಿ, ಕೆಂಪು ಟೋಪಿ ಅಂತ ನಾವು ಅಂಗಳದಲ್ಲಿ ಕೂಗುತ್ತಿದ್ದೆವು. ಅವರ ಆಟದ ಪದ್ಯದಲ್ಲಿ 'ಎ ಟಿಸ್ಕೆಟ್, ಎ ಟಾಸ್ಕೆಟ್' ಅಂತ ಅರ್ಥವಿಲ್ಲದ ಪ್ರಾಸ. ನಮ್ಮ 'ಅವಲಕ್ಕಿ ಪವಲಕ್ಕಿ'ಗೆ ಏನು ಅರ್ಥ ಇದೆಯೋ ಅದಕ್ಕೂ ಅಷ್ಟೇ. ಅದರಲ್ಲಿ ಒಂದು ಬುಟ್ಟಿ ಇದೆ, ಪ್ರಿಯನಿಗೆ ಬರೆದ ಒಂದು ಕಾಗದ ಇದೆ, ಅದು ದಾರಿಯಲ್ಲಿ ಬಿದ್ದುಹೋಗುತ್ತದೆ.

ಚಿಕ್ ವೆಬ್‌ನ ತಂಡಕ್ಕೆ ಸಂಗೀತ ಹೊಂದಿಸಿಕೊಡುತ್ತಿದ್ದ ವ್ಯಾನ್ ಅಲೆಕ್ಸಾಂಡರ್ ಎಂಬ ಯುವಕನ ಹಿಂದೆ ಬಿದ್ದು, ಈ ಮಕ್ಕಳ ಪದ್ಯವನ್ನು ಕುಣಿಯುವ ಹಾಡು ಮಾಡಿಕೊಡು ಅಂತ ಎಲ್ಲಾ ಪೀಡಿಸಿದಳು. ಇಬ್ಬರೂ ಸೇರಿ ಬರೆದರು. ಹಾಡಿನಲ್ಲಿ ಬುಟ್ಟಿಯೂ ಕಳೆದುಹೋಗುತ್ತದೆ, ನಡುವೆ ಬ್ಯಾಂಡಿನ ಗಂಡಸರೆಲ್ಲ ಸೇರಿ ಅವಳನ್ನು ಕೇಳುತ್ತಾರೆ: ಬುಟ್ಟಿ ಕೆಂಪಾ? ಊಹೂಂ ಊಹೂಂ. ನೀಲಿಯಾ? ಊಹೂಂ. ಹಳದಿ. ಪುಟ್ಟಿಗೆ ಈ ಜಾಗ ಬಂದರೆ ತಡೆಯಲಾಗದ ಖುಷಿ. ಅಷ್ಟು ದೊಡ್ಡ ದನಿಯ ಗಂಡಸರು ಒಂದು ಬುಟ್ಟಿಯ ಬಣ್ಣ ಕೇಳುತ್ತಿದ್ದಾರಲ್ಲ! ಹಾಡು ದೇಶದಲ್ಲೆಲ್ಲ ಮೊದಲ ಜಾಗಕ್ಕೆ ಏರಿತು, ಹತ್ತು ಲಕ್ಷ ರೆಕಾರ್ಡು ಖರ್ಚಾದವು. ಎಲ್ಲಾಗೆ ಆಗ 21.

ಈ ಹಾಡನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಚುರುಕಾದ, ನಗುನಗುವ ಹಾಡು ಅಂತಲೇ ಕೇಳಿದ್ದೆ. ಅವತ್ತು ಮಗುವಿಗೆ ಒಂದೊಂದೇ ಸಾಲಿನ ಅರ್ಥ ಹೇಳಬೇಕಾಗಿ ಬಂದಾಗ ನನ್ನ ಮಾತು ನಿಂತಿತು. ಹಳೆಯ ಪದ್ಯದಲ್ಲಿ ಕಾಗದ ಬರೆದದ್ದು ಪ್ರಿಯನಿಗೆ. ಎಲ್ಲಾಳ ಹಾಡಿನಲ್ಲಿ ಕಾಗದ ಅಮ್ಮನಿಗೆ. ಅಮ್ಮನಿಗೆ ಕಾಗದ ಬರೆದೆ, ದಾರಿಯಲ್ಲಿ ಕಳೆದುಹೋಯಿತು. ಅಮ್ಮ ಸತ್ತು ಆರು ವರ್ಷವಾಗಿತ್ತು.

ಬೇಕೆಂದೇ ಬದಲಾಯಿಸಿದಳು ಅಂತ ನಾನು ಕಥೆ ಕಟ್ಟಲಾರೆ. ಆದರೆ ಆ ಒಂದು ಪದದ ಮೇಲೆ ನಾನು ಸುಮ್ಮನೆ ಕೂತುಬಿಟ್ಟೆ. ಪುಟ್ಟಿ ಕತ್ತಲಲ್ಲಿ ಕೇಳಿದಳು, "ಬುಟ್ಟಿ ಸಿಕ್ತಾ ಚಿಕ್ಕಮ್ಮಾ?"

ಸಿಕ್ಕಿತು. ಇದು ನನ್ನ ಸಮಾಧಾನದ ಮಾತಲ್ಲ. ಅದೇ ವರ್ಷ ಅದೇ ಬ್ಯಾಂಡಿನ ಜೊತೆ ಎಲ್ಲಾ ಇನ್ನೊಂದು ಹಾಡು ಹಾಡಿದಳು. ನನ್ನ ಹಳದಿ ಬುಟ್ಟಿ ಸಿಕ್ಕಿತು ಅಂತಲೇ ಅದರ ಹೆಸರು. ಮೊದಲಿನದರಷ್ಟು ಅದು ಹೆಸರು ಮಾಡಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಈಗ ಎರಡನ್ನೂ ಒಂದರ ಹಿಂದೆ ಒಂದು ಹಾಕಲೇಬೇಕು.

ಮರುವರ್ಷ, 1939ರ ಜೂನ್ 16ರಂದು, ಚಿಕ್ ವೆಬ್ ತೀರಿಕೊಂಡ. ಅವನ ಅಂತ್ಯಕ್ರಿಯೆಯಲ್ಲಿ ಎಲ್ಲಾ ಹಾಡಿದಳು. ಬ್ಯಾಂಡಿಗೆ ಅವಳದೇ ಹೆಸರು ಬಂತು. ಐದು ವರ್ಷದ ಹಿಂದೆ ಬೀದಿಯಲ್ಲಿ ಮಲಗುತ್ತಿದ್ದವಳು 22ನೇ ವಯಸ್ಸಿಗೆ ಗಂಡಸರ ದೊಡ್ಡ ಬ್ಯಾಂಡಿನ ಮುಂದೆ ನಿಂತಳು. 1942ರವರೆಗೆ ಅದು ನಡೆಯಿತು.

ಸ್ಕ್ಯಾಟ್ ಬಗ್ಗೆ ಪುಟ್ಟಿಗೆ ವಿವರಿಸುವುದು ಕಷ್ಟ ಆಗಬಹುದು ಅಂದುಕೊಂಡಿದ್ದೆ. ಪದಗಳನ್ನು ಬಿಟ್ಟು, ದನಿಯನ್ನೇ ತುತ್ತೂರಿ ಮಾಡಿಕೊಂಡು, ಬಾಯಿಗೆ ಬಂದ ಅಕ್ಷರಗಳಲ್ಲಿ ಹಾಡನ್ನು ಅಲ್ಲಲ್ಲೇ ಹೆಣೆಯುವುದು. ತುತ್ತೂರಿ ನುಡಿಸುತ್ತಾ ಹಾಡುತ್ತಿದ್ದ ಲೂಯಿ ಆರ್ಮ್‌ಸ್ಟ್ರಾಂಗ್ 1920ರ ದಶಕದಲ್ಲೇ ಅದನ್ನು ಜನಪ್ರಿಯ ಮಾಡಿದ್ದ. 1940ರ ದಶಕದಲ್ಲಿ ಇನ್ನೊಬ್ಬ ತುತ್ತೂರಿಗಾರ ಡಿಜ್ಜಿ ಗಿಲೆಸ್ಪಿಯ ಬ್ಯಾಂಡಿನ ಜೊತೆ ಊರೂರು ತಿರುಗುವಾಗ ಎಲ್ಲಾ ಅದನ್ನು ತನ್ನದು ಮಾಡಿಕೊಂಡಳು. ತುತ್ತೂರಿಯವರು ನುಡಿಸಿದ್ದನ್ನು ಗಂಟಲಲ್ಲಿ ನುಡಿಸಲು ಹೊರಟಳು. ಕಷ್ಟ ಯಾಕೆ ಆಗಲಿಲ್ಲ ಅಂದರೆ, ಪುಟ್ಟಿ ವಾರಕ್ಕೆರಡು ದಿನ ಪಕ್ಕದ ಬೀದಿಗೆ ಸಂಗೀತ ಪಾಠಕ್ಕೆ ಹೋಗುತ್ತಾಳೆ. ಅಲ್ಲಿ ದೊಡ್ಡ ಮಕ್ಕಳು ಕಲ್ಪನಾಸ್ವರ ಹಾಡುವುದನ್ನು ಕೇಳಿದ್ದಾಳೆ. ಮೃದಂಗದ ಹುಡುಗ ತಕಧಿಮಿ ತಕಜಣು ಅಂತ ಕೊನ್ನಕ್ಕೋಲು ಹೇಳುವುದನ್ನೂ ಕೇಳಿದ್ದಾಳೆ. "ಓ, ಅದೇನಾ" ಅಂದಳು. ಎರಡೂ ಒಂದೇ ಅಲ್ಲ. ನಮ್ಮಲ್ಲಿ ತಾಳದ ಲೆಕ್ಕ ಕಟ್ಟುನಿಟ್ಟು, ಅವರದು ಹಾರ್ಮನಿಯ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ, ಏಣಿಯ ಮೇಲೆ ಹತ್ತಿಳಿಯುವ ಆಟ. ಆದರೂ ಎರಡು ಮನೆಯವರಿಗೂ ಪರಸ್ಪರ ಮಾತು ಬರುತ್ತದೆ. ನಮ್ಮ ಬೆಂಗಳೂರಿನ ಆರ್.ಎ. ರಮಾಮಣಿ ಅವರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ ಜೊತೆ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದಲ್ಲಿ ಹಾಡಿದ್ದನ್ನು ಕೇಳಿದವರಿಗೆ ನಾನು ಹೇಳುತ್ತಿರುವುದು ಗೊತ್ತಾಗುತ್ತದೆ.

ಹೆಸರು ಬಂತು, ದುಡ್ಡು ಬಂತು. ಚರ್ಮ ಅದೇ ಇತ್ತು. 1954ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಾಗ, ಮೊದಲ ದರ್ಜೆಯ ಟಿಕೆಟ್ ಕೈಯಲ್ಲಿದ್ದರೂ ಹೊನೊಲುಲುವಿನಲ್ಲಿ ವಿಮಾನ ಹತ್ತಲು ಬಿಡಲಿಲ್ಲ. ಸಿಡ್ನಿಯ ಕಾರ್ಯಕ್ರಮಗಳು ತಪ್ಪಿದವು. ಅವಳು ಕೋರ್ಟಿಗೆ ಹೋಗಿ ಪರಿಹಾರ ಪಡೆದಳು. ಮರುವರ್ಷ ಹ್ಯೂಸ್ಟನ್‌ನಲ್ಲಿ ಇನ್ನೊಂದು. ಅವಳ ಮ್ಯಾನೇಜರ್ ನಾರ್ಮನ್ ಗ್ರಾಂಝ್ ಕಪ್ಪು-ಬಿಳಿ ಜನರನ್ನು ಬೇರೆ ಬೇರೆ ಕೂರಿಸಲು ಒಪ್ಪುತ್ತಿರಲಿಲ್ಲ. ಕಾರ್ಯಕ್ರಮ ನಡೆಯುತ್ತಿರುವಾಗಲೇ ಪೊಲೀಸರು ವೇದಿಕೆಯ ಹಿಂದಿನ ಅವಳ ಕೋಣೆಗೆ ನುಗ್ಗಿದರು. ಒಂದಿಬ್ಬರು ದಾಳ ಉರುಳಿಸುತ್ತಿದ್ದರು, ಎಲ್ಲಾ ಕಾಫಿ ಜೊತೆ ಪೈ ತಿನ್ನುತ್ತಾ ಕೂತಿದ್ದಳು. ಎಲ್ಲರನ್ನೂ ಜೂಜಾಟದ ಕೇಸು ಹಾಕಿ ಠಾಣೆಗೆ ಎಳೆದರು. ಅಲ್ಲಿ ಪೊಲೀಸರು ಅವಳ ಹಸ್ತಾಕ್ಷರ ಕೇಳಿದರು. ಪುಟ್ಟಿ ಇದನ್ನು ನಂಬಲೇ ಇಲ್ಲ. "ಹಿಡ್ಕೊಂಡು ಹೋದವರೇ ಆಟೋಗ್ರಾಫ್ ಕೇಳಿದ್ರಾ?" ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಗ್ರಾಂಝ್ 1956ರಲ್ಲಿ ವರ್ವ್ ಎಂಬ ರೆಕಾರ್ಡ್ ಕಂಪನಿ ಕಟ್ಟಿ, ಅಮೆರಿಕದ ಹೆಸರಾಂತ ಹಾಡು ಕಟ್ಟುವವರ ಒಬ್ಬೊಬ್ಬರ ಹಾಡುಗಳನ್ನೂ ಅವಳಿಂದ ಸಾಲಾಗಿ ಹಾಡಿಸಿದ. ಕೋಲ್ ಪೋರ್ಟರ್‌ನಿಂದ ಶುರುವಾಗಿ 1964ರವರೆಗೆ ಎಂಟು ಸಂಪುಟ. ದೊಡ್ಡವರು ಮೊದಲು ಕೇಳಬೇಕಾದ್ದು ಅವೇ. ನನ್ನ ಬೆಳಗಿನ ಅಡುಗೆ ಅವುಗಳ ಜೊತೆಗೇ. ಒಂದಕ್ಷರ ನುಂಗದೆ ಹಾಡುತ್ತಾಳೆ. ಮಕ್ಕಳಿಗೆ ಅವು ನಿಧಾನ ಅನಿಸುತ್ತವೆ, ಅದಕ್ಕೇ ನಾನು ಒತ್ತಾಯ ಮಾಡಿಲ್ಲ. ಪ್ರಶಸ್ತಿಗಳ ಪಟ್ಟಿಯೂ ಉದ್ದ ಇದೆ, 13 ಗ್ರ್ಯಾಮಿ, ಅಮೆರಿಕ ಅಧ್ಯಕ್ಷರ ಕೈಯಿಂದ ಪದಕಗಳು. ಪುಟ್ಟಿಗೆ ಅದ್ಯಾವುದೂ ಬೇಡ. ಕ್ಯಾಸೆಟ್ ಕಂಪನಿಯೊಂದರ ಟಿವಿ ಜಾಹೀರಾತಿನಲ್ಲಿ ಅವಳ ದನಿಗೆ ಗಾಜಿನ ಲೋಟ ಒಡೆದದ್ದು ಮಾತ್ರ ಬೇಕು. ಮೂರು ದಿನ ನಮ್ಮ ಅಡುಗೆಮನೆಯ ಲೋಟಗಳ ಮುಂದೆ ಕಿರುಚಿದ್ದಾಯಿತು.

ಸಕ್ಕರೆ ಕಾಯಿಲೆ ಅವಳನ್ನು ಕೊನೆಗೆ ಬಹಳ ಕಾಡಿತು. ಕಣ್ಣು ಮಂಜಾಯಿತು, ಹೃದಯದ ಆಪರೇಷನ್ ಆಯಿತು. 1993ರಲ್ಲಿ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಇದನ್ನು ಹೇಳಲೋ ಬೇಡವೋ ಅಂತ ಒಂದು ದಿನ ತಡೆದೆ, ಆಮೇಲೆ ಹೇಳಿದೆ. ಪುಟ್ಟಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಗಾಲಿಕುರ್ಚಿ ಆಂಟಿ ಥರ ಆದಳಾ?" ಅಂದಳು. ಕಾನಿ ಬಾಸ್ವೆಲ್‌ಳನ್ನು ಅವಳು ಮರೆತಿರಲಿಲ್ಲ. ಹೌದು, ಹಾಗೇ ಆದಳು. ಬೆವರ್ಲಿ ಹಿಲ್ಸ್‌ನ ಮನೆಯ ಹಿತ್ತಲಲ್ಲಿ ಗಾಲಿಕುರ್ಚಿಯಲ್ಲಿ ಕೂತು ಹಕ್ಕಿಗಳ ದನಿ, ಮೊಮ್ಮಗಳ ನಗು ಕೇಳುತ್ತಿದ್ದಳು. 1996ರ ಜೂನ್ 15ರಂದು ಅದೇ ಮನೆಯಲ್ಲಿ ಹೋದಳು. 79 ವರ್ಷ.

ಕಥೆ ಮುಗಿದು ಎಷ್ಟೋ ವಾರವಾಯಿತು. ಪುಟ್ಟಿ ದಿನಾ ಕೇಳುವುದು ಈಗ ಬರ್ಲಿನ್ ಹಾಡನ್ನು. 1960ರ ಫೆಬ್ರುವರಿ 13, ಬರ್ಲಿನ್ನಿನ ಡಾಯ್ಚ್‌ಲಾಂಡ್‌ಹಾಲೆ, ತುಂಬಿದ ಸಭೆ. ಹಿಂದೆ ಪಿಯಾನೊ, ಗಿಟಾರ್, ಬಾಸ್, ಡ್ರಮ್ಸ್, ಬರೀ ನಾಲ್ಕು ಜನ. ಎಲ್ಲಾ 'ಮ್ಯಾಕ್ ದಿ ನೈಫ್' ಹಾಡಲು ಶುರು ಮಾಡುತ್ತಾಳೆ. ಚೆನ್ನಾಗಿಯೇ ಹೋಗುತ್ತಿರುತ್ತದೆ. ನಡುವೆ ಪದಗಳು ಮರೆತುಹೋಗುತ್ತವೆ. ಎಲ್ಲರ ಮುಂದೆ, ರೆಕಾರ್ಡಿಂಗ್ ನಡೆಯುತ್ತಿರುವಾಗ. ನಿಲ್ಲಿಸುವುದಿಲ್ಲ. ಮುಂದಿನ ಸಾಲು ಏನು, ನನಗೆ ಗೊತ್ತಿಲ್ಲವಲ್ಲ ಅಂತ ಅದನ್ನೇ ರಾಗದಲ್ಲಿ ಹಾಡಿಬಿಡುತ್ತಾಳೆ. ನಾನೂ ನನ್ನ ಹುಡುಗರೂ ಸೇರಿ ಈ ಹಾಡನ್ನು ಕೆಡಿಸುತ್ತಿದ್ದೇವೆ ಅಂತ ಹಾಡುತ್ತಾಳೆ. ಲೂಯಿ ಆರ್ಮ್‌ಸ್ಟ್ರಾಂಗ್‌ನ ಗೊಗ್ಗರು ದನಿ ತೆಗೆಯುತ್ತಾಳೆ. ಸಭೆ ಹುಚ್ಚೆದ್ದು ಚಪ್ಪಾಳೆ ತಟ್ಟುತ್ತದೆ. ಆ ಹಾಡಿಗೇ ಗ್ರ್ಯಾಮಿ ಬಂತು.

ಮರೆಯುವ ಜಾಗ ಎಲ್ಲಿ ಬರುತ್ತದೆ ಅಂತ ಪುಟ್ಟಿಗೆ ಈಗ ಸರಿಯಾಗಿ ಗೊತ್ತು. ಅದಕ್ಕೆ ಸ್ವಲ್ಪ ಮುಂಚೆಯೇ ಹೋಮ್‌ವರ್ಕಿನ ಪೆನ್ಸಿಲ್ ಕೆಳಗಿಡುತ್ತಾಳೆ. ಒಂದು ಕೈ ಎತ್ತಿ ಮನೆಯವರನ್ನೆಲ್ಲ ಸುಮ್ಮನಿರಿಸುತ್ತಾಳೆ. ಕುಕ್ಕರ್ ಕೂಗಿದರೆ ಸಿಟ್ಟು. ಬಾಯಿ ಅರ್ಧ ತೆರೆದು ಕಾಯುತ್ತಾಳೆ. ಎಲ್ಲಾ ಮರೆತ ಕೂಡಲೇ, ಅವಳಿಗಿಂತ ಜೋರಾಗಿ, ತನಗೆ ತೋಚಿದ ಪದ ಹಾಕಿಕೊಂಡು ಶುರು ಮಾಡುತ್ತಾಳೆ.